ನನ್ನ ವಾರ್ಡು ಕೊಟ್ಟ ತಪ್ಪು ಉತ್ತರಗಳು

ಅಮೆರಿಕದಲ್ಲಿ ನೋಂದಾಯಿತ ನರ್ಸ್ ಆಗಿ ಕೆಲಸ ಮಾಡಬೇಕೆನ್ನುವವರು ಬರೆಯಲೇಬೇಕಾದ ಎನ್‌ಸಿಲೆಕ್ಸ್-ಆರ್‌ಎನ್ ಪರೀಕ್ಷೆಯನ್ನು ನಾನು ಮೂರು ಸಲ ಬರೆದಿದ್ದೇನೆ. 2021ರಲ್ಲಿ ಕಂಪ್ಯೂಟರು ಆಗಿನ ಗರಿಷ್ಠ ಮಿತಿಯಾದ 145ನೆಯ ಪ್ರಶ್ನೆಯವರೆಗೂ ನನ್ನನ್ನು ಕೂರಿಸಿಕೊಂಡು ಕೊನೆಗೆ ಫೇಲು ಮಾಡಿತು. 2022ರಲ್ಲಿ 80 ದಾಟುತ್ತಿದ್ದಂತೆ ಪರೀಕ್ಷೆ ತಾನಾಗಿ ಮುಗಿಯಿತು, ಆಗಲೂ ಫೇಲು. ಈ ಪರೀಕ್ಷೆಯ ಬಗೆ ತಿಳಿಯದವರಿಗೆ ಎರಡೂ ಒಂದೇ ಎನಿಸಬಹುದು, ಆದರೆ ಒಂದೇ ಅಲ್ಲ. ಇಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಇರುವುದಿಲ್ಲ. ಸರಿ ಉತ್ತರ ಕೊಟ್ಟರೆ ಮುಂದಿನ ಪ್ರಶ್ನೆ ಕಠಿಣವಾಗುತ್ತದೆ, ತಪ್ಪಿದರೆ ಸುಲಭವಾಗುತ್ತದೆ; ಅಭ್ಯರ್ಥಿಯು ಉತ್ತೀರ್ಣ ರೇಖೆಯ ಮೇಲಿದ್ದಾಳೋ ಕೆಳಗಿದ್ದಾಳೋ ಎಂಬುದು ಶೇಕಡಾ 95ರಷ್ಟು ಖಚಿತವಾದ ಕ್ಷಣ ಕಂಪ್ಯೂಟರು ನಿಲ್ಲಿಸಿಬಿಡುತ್ತದೆ. ಮೊದಲ ಸಲ ಕೊನೆಯವರೆಗೂ ಅದಕ್ಕೆ ನನ್ನ ಬಗ್ಗೆ ಅನುಮಾನವಿತ್ತು. ಎರಡನೆಯ ಸಲ ಅನುಮಾನವೇ ಉಳಿಯಲಿಲ್ಲ. ಒಂದು ವರ್ಷ ಹೆಚ್ಚು ಓದಿ ನಾನು ಹಿಂದಕ್ಕೆ ಹೋಗಿದ್ದೆ.

ನಾನು ಅರಸೀಕೆರೆ ಕಡೆಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್, ಅಲ್ಲಿಂದ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಕೆಲಸ. ವೆಂಟಿಲೇಟರಿನ ಅಲಾರಂ ಕೇಳಿಯೇ ಯಾವ ಬೆಡ್ಡಿನದು, ಯಾಕೆ ಎಂದು ಹೇಳಬಲ್ಲ ನನಗೆ ಮೌಸ್ ಹಿಡಿದು ಉತ್ತರ ಒತ್ತುವುದೇನು ದೊಡ್ಡದು ಎಂಬ ಭಾವನೆ ಇತ್ತು. ಆ ಭಾವನೆಯ ಬೆಲೆ ಹಣದಲ್ಲಿಯೂ ಕಡಿಮೆಯಾಗಲಿಲ್ಲ. ನೋಂದಣಿಗೆ 200 ಡಾಲರ್, ಅಮೆರಿಕದ ಹೊರಗಿನ ಕೇಂದ್ರದಲ್ಲಿ ಬರೆಯುವುದಕ್ಕೆ ಮೇಲೆ 150 ಡಾಲರ್, ತೆರಿಗೆ ಬೇರೆ. ಪ್ರತಿ ಸಲವೂ ಅದು ನನ್ನ ಒಂದು ತಿಂಗಳ ಸಂಬಳವನ್ನು ಬಹುಪಾಲು ನುಂಗಿತು. ಎರಡನೆಯ ಸಲದ ಹಣ ಅತ್ತೆಯವರು ಹಾಕಿದ್ದ ಚೀಟಿಯದು. ಫಲಿತಾಂಶ ಬಂದ ದಿನ ಅವರು ಒಂದು ಮಾತನ್ನೂ ಆಡಲಿಲ್ಲ, ಆಡಿದ್ದರೆ ಚೆನ್ನಾಗಿತ್ತು.

ಫೇಲಾದವರಿಗೆ ಒಂದು ವರದಿ ಬರುತ್ತದೆ. ಅದರಲ್ಲಿ ಅಂಕಗಳಿರುವುದಿಲ್ಲ, ಪ್ರತಿ ವಿಭಾಗದ ಎದುರಿಗೆ ರೇಖೆಗಿಂತ ಮೇಲೆ, ರೇಖೆಯ ಹತ್ತಿರ, ರೇಖೆಗಿಂತ ಕೆಳಗೆ ಎಂಬ ಮೂರರಲ್ಲೊಂದು ಮಾತು ಮಾತ್ರ ಇರುತ್ತದೆ. ಮೊದಲನೆಯ ವರದಿಯನ್ನು ನಾನು ಒಮ್ಮೆ ನೋಡಿ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟುಬಿಟ್ಟಿದ್ದೆ, ಅದೇ ನಾನು ಮಾಡಿದ ದೊಡ್ಡ ತಪ್ಪು. ಎರಡನೆಯದು ಬಂದ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿ ಹರಡಿ ನೋಡಿದೆ. ದೇಹದ ರೋಗಸ್ಥಿತಿಗಳನ್ನು ಕುರಿತ ಭಾಗದಲ್ಲಿ ಎರಡು ಸಲವೂ ರೇಖೆಗಿಂತ ಮೇಲಿದ್ದೆ. ಐಸಿಯು ಅದನ್ನು ಕಲಿಸಿತ್ತು. ಯಾರನ್ನು ಮೊದಲು ನೋಡಬೇಕು, ಯಾರಿಗೆ ಯಾವ ಕೆಲಸ ವಹಿಸಬೇಕು ಎಂಬಂಥವನ್ನು ಕೇಳುವ ಆರೈಕೆಯ ನಿರ್ವಹಣೆ ಎಂಬ ಭಾಗದಲ್ಲಿ ಎರಡು ಸಲವೂ ಕೆಳಗೆ, ಔಷಧಗಳ ಭಾಗದಲ್ಲಿ ಒಮ್ಮೆ ಹತ್ತಿರ, ಒಮ್ಮೆ ಕೆಳಗೆ. 2023ರ ಪರೀಕ್ಷಾ ಯೋಜನೆಯಲ್ಲಿ ಆರೈಕೆಯ ನಿರ್ವಹಣೆಗೆ ಶೇಕಡಾ 15ರಿಂದ 21, ಔಷಧಗಳಿಗೆ ಶೇಕಡಾ 13ರಿಂದ 19 ಪಾಲಿದೆ. ಪರೀಕ್ಷೆಯ ಮೂರನೆಯ ಒಂದು ಭಾಗದಷ್ಟು ಇದರಲ್ಲೇ ಹೋಗುತ್ತದೆ, ಮತ್ತು ನಾನು ಎರಡನೆಯ ಸಲಕ್ಕೆ ಓದಿದ್ದು ಬಹುಮಟ್ಟಿಗೆ ಹೃದಯ, ಶ್ವಾಸಕೋಶ, ಮೂತ್ರಪಿಂಡ. ನನಗೆ ಇಷ್ಟವಾದದ್ದನ್ನು ಮತ್ತೆ ಮತ್ತೆ ಓದಿದ್ದೆ.

ನಮ್ಮ ಯೂನಿಟ್ಟಿನಲ್ಲಿ ಕೇರಳದ ಹಿರಿಯ ನರ್ಸ್ ಒಬ್ಬರಿದ್ದರು. ಎಲ್ಲರೂ ಅವರನ್ನು ಚೇಚಿ, ಅಂದರೆ ಮಲಯಾಳದಲ್ಲಿ ಅಕ್ಕ, ಎಂದೇ ಕರೆಯುತ್ತಿದ್ದೆವು. ಒಂದು ರಾತ್ರಿ ಡ್ಯೂಟಿಯಲ್ಲಿ ನನ್ನ ಫೋನಿನಲ್ಲಿದ್ದ ಪ್ರಶ್ನೆ ಬ್ಯಾಂಕನ್ನು ತೆರೆದು, ನಾನು ತಪ್ಪು ಮಾಡಿದ್ದ ಒಂದು ಪ್ರಶ್ನೆಯನ್ನು ಓದಿದರು. ರಕ್ತ ಏರಿಸಲು ಆರಂಭಿಸಿ ಹತ್ತು ನಿಮಿಷಕ್ಕೆ ರೋಗಿಗೆ ಚಳಿ, ನಡುಕ, ಸೊಂಟನೋವು. ನರ್ಸ್ ಮೊದಲು ಏನು ಮಾಡಬೇಕು? ವೈದ್ಯರಿಗೆ ತಿಳಿಸಬೇಕು ಎಂದು ನಾನು ಒತ್ತಿದ್ದೆ.

"ಹೋದ ತಿಂಗಳು ಏಳನೇ ಬೆಡ್ಡಿಗೆ ಹೀಗೇ ಆಯಿತಲ್ಲ, ನೀನೇನು ಮಾಡಿದೆ?" ಎಂದು ಕೇಳಿದರು.

"ಕ್ಲಾಂಪ್ ಹಾಕಿ ರಕ್ತ ನಿಲ್ಲಿಸಿದೆ, ಸೆಟ್ ಬದಲಾಯಿಸಿ ನಾರ್ಮಲ್ ಸಲೈನ್ ಹಾಕಿದೆ, ಆಮೇಲೆ ಫೋನ್ ಮಾಡಿದೆ."

"ಯಾರನ್ನು ಕೇಳಿ ನಿಲ್ಲಿಸಿದೆ?"

ಯಾರನ್ನೂ ಕೇಳಿರಲಿಲ್ಲ. ಕೈಗೆ ಗೊತ್ತಿದ್ದ ಸರಿ ಉತ್ತರವನ್ನು ಪರೀಕ್ಷೆಯಲ್ಲಿ ನಾನು ಒತ್ತಿರಲಿಲ್ಲ, ಏಕೆಂದರೆ ಬರವಣಿಗೆಯಲ್ಲಿ, ಕೇಸ್ ಶೀಟಿನಲ್ಲಿ, ಪಾಳಿ ಬದಲಾಗುವಾಗಿನ ಹ್ಯಾಂಡ್‌ಓವರಿನಲ್ಲಿ, ನಾವು ಮೊದಲು ಹಾಕುವ ಸಾಲು ಯಾವಾಗಲೂ "ಡಾಕ್ಟರಿಗೆ ತಿಳಿಸಲಾಯಿತು" ಎಂಬುದೇ. ಎನ್‌ಸಿಲೆಕ್ಸ್ ಕೇಳುವುದು ಹಾಗಲ್ಲ. ವೈದ್ಯರು ಬರುವ ಮುನ್ನ, ನರ್ಸಿನ ಅಧಿಕಾರದೊಳಗೆ, ರೋಗಿಯನ್ನು ಉಳಿಸುವ ಯಾವ ಕೆಲಸ ಇದೆ ಎಂಬುದನ್ನು ಅದು ಕೇಳುತ್ತದೆ.

ಮರುದಿನ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು ಪ್ರತಿ ಪುಟವನ್ನೂ ಮೂರು ಕಾಲಂ ಮಾಡಿದೆ: ಗೊತ್ತಿರಲಿಲ್ಲ, ತಪ್ಪಾಗಿ ಓದಿದೆ, ವಾರ್ಡು ಮಾತಾಡಿತು. ಇನ್ನು ಮುಂದೆ ದಿನಕ್ಕೆ 25 ಪ್ರಶ್ನೆ ಮಾತ್ರ, ಆದರೆ ತಪ್ಪಿದ ಪ್ರತಿಯೊಂದಕ್ಕೂ ಸರಿ ಉತ್ತರವನ್ನಲ್ಲ, ತಪ್ಪು ಉತ್ತರವನ್ನು ಏಕೆ ಆರಿಸಿದೆ ಎಂಬುದನ್ನು ಕನ್ನಡದಲ್ಲಿ ಒಂದು ವಾಕ್ಯ ಬರೆಯುವುದು ಎಂದು ನಿಯಮ ಮಾಡಿಕೊಂಡೆ. ಎರಡನೆಯ ಸಲ ದಿನಕ್ಕೆ 150 ಪ್ರಶ್ನೆ ಮುಗಿಸಿ ಶೇಕಡಾವಾರು ನೋಡಿ ಮಲಗುತ್ತಿದ್ದವಳಿಗೆ ಇದು ಸೋಮಾರಿತನದಂತೆ ಕಂಡಿತು. ಒಂದು ತಿಂಗಳ ನಂತರ ನೋಡಿದರೆ ಮೊದಲ ಕಾಲಂ ಬಹಳ ಕಡೆ ಖಾಲಿ ಇತ್ತು, ಮೂರನೆಯದು ತುಂಬಿ ಅಂಚಿಗೆ ಹರಿದಿತ್ತು.

ಅದರಿಂದ ಕೆಲವನ್ನು ಹೇಳುತ್ತೇನೆ. ನಾಲ್ವರು ರೋಗಿಗಳಲ್ಲಿ ಯಾರನ್ನು ಮೊದಲು ನೋಡುತ್ತೀರಿ ಎಂಬ ಪ್ರಶ್ನೆ: ಶಸ್ತ್ರಚಿಕಿತ್ಸೆಯ ನಂತರ ನೋವು ಹತ್ತಕ್ಕೆ ಎಂಟು ಎನ್ನುವವರು, ಆಮ್ಲಜನಕ ಪ್ರಮಾಣ ಶೇಕಡಾ 90 ಇರುವ ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶ ಕಾಯಿಲೆ) ರೋಗಿ, ಶುಗರ್ 240 ಇರುವವರು, ಥೈರಾಯ್ಡ್ ತೆಗೆದ ಮೇಲೆ ಉಸಿರೆಳೆಯುವಾಗ ಕೀರಲು ಸದ್ದು ಬರುತ್ತಿರುವವರು. ನಾನು ನೋವಿನವರನ್ನು ಆರಿಸಿದ್ದೆ. ಕಾರಣದ ವಾಕ್ಯ ಬರೆಯಲು ಕುಳಿತಾಗಲೇ ತಿಳಿದದ್ದು, ನಮ್ಮಲ್ಲಿ ಯಾರು ಜೋರಾಗಿ ಕೂಗುತ್ತಾರೋ, ಯಾರ ಕಡೆಯವರು ಕೌಂಟರಿಗೆ ಬಂದು ನಿಲ್ಲುತ್ತಾರೋ ಅವರ ಬಳಿಗೆ ಮೊದಲು ಹೋಗುವುದು ರೂಢಿಯಾಗಿದೆ ಎಂದು. ಸಿಒಪಿಡಿ ರೋಗಿಗೆ 88ರಿಂದ 92 ಸಾಕು, ಆತ ಇರಬೇಕಾದಲ್ಲೇ ಇದ್ದಾನೆ. ಕೀರಲು ಸದ್ದಿನವರ ಶ್ವಾಸನಾಳ ಮುಚ್ಚುತ್ತಿದೆ; ಅವರು ಕೂಗಲಾರರು.

ಕೆಲಸ ಹಂಚುವ ಪ್ರಶ್ನೆಗಳು ಇನ್ನೂ ತೊಡಕಿನವು. ಅಮೆರಿಕದ ವಾರ್ಡಿನಲ್ಲಿ ಆರ್‌ಎನ್, ಅಂದರೆ ನೋಂದಾಯಿತ ನರ್ಸ್, ಅವರ ಕೆಳಗೆ ಎಲ್‌ಪಿಎನ್ ಎಂಬ ಕಡಿಮೆ ಅಧಿಕಾರದ ನರ್ಸ್, ಅದರ ಕೆಳಗೆ ಸಹಾಯಕರು. ಎಲ್‌ಪಿಎನ್‌ಗೆ ಸರಿಹೊಂದುವ ಹುದ್ದೆ ನಮ್ಮ ಆಸ್ಪತ್ರೆಗಳಲ್ಲಿ ಇಲ್ಲ; ನಾನು ಅದನ್ನು ನಮ್ಮ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ) ಎಂದುಕೊಂಡು ಎರಡು ಪರೀಕ್ಷೆ ಕಳೆದಿದ್ದೆ. ಇಲ್ಲಿ ಉಣಿಸುವುದು, ಒರೆಸುವುದು, ಮಗ್ಗುಲು ಬದಲಿಸುವುದು ಎಷ್ಟೋ ಸಲ ರೋಗಿಯ ಮಗಳದೋ ಆಯಾಳದೋ ಕೆಲಸ, ಯಾರಿಗೆ ಯಾವುದನ್ನು ವಹಿಸಬಹುದು ಎಂದು ನಾನು ಕುಳಿತು ಯೋಚಿಸಿದ್ದೇ ಇಲ್ಲ. ಕೊನೆಗೆ ಪುಟದ ಮೇಲೆ ದೊಡ್ಡದಾಗಿ ಬರೆದುಕೊಂಡೆ: ಮೊದಲ ತಪಾಸಣೆ, ತಿಳಿವಳಿಕೆ ಕೊಡುವುದು, ಫಲ ಸಿಕ್ಕಿತೇ ಎಂದು ತೀರ್ಮಾನಿಸುವುದು, ಅಸ್ಥಿರ ರೋಗಿ, ಇವು ನಾಲ್ಕೂ ಆರ್‌ಎನ್ ಕೈಬಿಡದವು. ಸ್ಥಿರವಾಗಿರುವ ರೋಗಿಗೆ ಮಾತ್ರೆ ಕೊಡುವುದು, ಡ್ರೆಸ್ಸಿಂಗ್ ಮಾಡುವುದು ಎಲ್‌ಪಿಎನ್‌ಗೆ. ಸ್ನಾನ, ನಡೆಸುವುದು, ಸ್ಥಿರ ರೋಗಿಯ ಬಿಪಿ ನೋಡುವುದು ಸಹಾಯಕರಿಗೆ.

ಕ್ಯಾನ್ಸರ್ ಎಂದು ರೋಗಿಗೆ ಹೇಳಬೇಡಿ ಎಂದು ಮಗ ಕೇಳಿಕೊಂಡರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಯಲ್ಲಿ ನಾನು ಮಗನ ಪಕ್ಷ. ನಮ್ಮೂರಿನಲ್ಲಿ ಅದೇ ದಯೆ. ಪರೀಕ್ಷೆಯಲ್ಲಿ ಹಕ್ಕು ರೋಗಿಯದು. ಈ ಒಂದು ವಿಷಯದಲ್ಲಿ ಉತ್ತರ ಬದಲಾಯಿಸಿಕೊಂಡೆನೇ ಹೊರತು ಮನಸ್ಸನ್ನು ಪೂರ್ತಿ ಬದಲಾಯಿಸಿಕೊಳ್ಳಲಾಗಿಲ್ಲ.

ಔಷಧಗಳಲ್ಲಿ ಅರ್ಧ ತೊಂದರೆ ಹೆಸರುಗಳದು. ನಾವು ಪ್ಯಾರಾಸಿಟಮಾಲ್ ಎನ್ನುವುದು ಅಲ್ಲಿ ಅಸೆಟಮಿನೋಫೆನ್, ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್, ಅಡ್ರಿನಲಿನ್ ಅಲ್ಲಿ ಎಪಿನೆಫ್ರಿನ್, ಪೆಥಿಡಿನ್ ಅಲ್ಲಿ ಮೆಪೆರಿಡಿನ್, ಲಿಗ್ನೊಕೇನ್ ಅಲ್ಲಿ ಲಿಡೊಕೇನ್. ವಾರ್ಡಿನಲ್ಲಂತೂ ನಾವು ಕಂಪನಿ ಹೆಸರಿನಲ್ಲೇ ಮಾತಾಡುತ್ತೇವೆ, ಪರೀಕ್ಷೆಯಲ್ಲಿ ಬರುವುದು ಮೂಲ ಹೆಸರು. ಲೆಕ್ಕದಲ್ಲೂ ರೂಢಿಯೇ ಅಡ್ಡ ಬಂತು. ನಮ್ಮ ಸಾಮಾನ್ಯ ಡ್ರಿಪ್ ಸೆಟ್ಟಿನಲ್ಲಿ ಒಂದು ಮಿಲಿಲೀಟರಿಗೆ 20 ಹನಿ. 1000 ಮಿಲಿಲೀಟರ್ ಎಂಟು ಗಂಟೆಯಲ್ಲಿ ಎಂದರೆ ಯೋಚಿಸದೆ ನಿಮಿಷಕ್ಕೆ 42 ಎಂದು ಬರೆಯುತ್ತೇನೆ. ಪ್ರಶ್ನೆಯಲ್ಲಿ 15 ಹನಿಯ ಸೆಟ್ ಎಂದಿರುತ್ತದೆ, ಉತ್ತರ 31. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಸೊಪ್ಪು ಮುಟ್ಟಲೇಬೇಡಿ ಎಂದು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಸರಿಯಾದ ಸಲಹೆ ಬಿಡುವುದಲ್ಲ, ವಾರ ವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನುವುದು. ಇದನ್ನು ಓದಿದ ಮರುದಿನದಿಂದ ಡಿಸ್ಚಾರ್ಜ್ ಆಗುವವರಿಗೆ ಹೇಳುವ ಮಾತನ್ನು ತಿದ್ದಿಕೊಂಡೆ.

"ತಪ್ಪಾಗಿ ಓದಿದೆ" ಎಂಬ ಕಾಲಂನ ಮದ್ದು ಕನ್ನಡವೇ ಆಯಿತು. ಇಂಗ್ಲಿಷ್ ಪ್ರಶ್ನೆ ಓದಿದ ಮೇಲೆ ಆಯ್ಕೆಗಳ ಕಡೆ ಕಣ್ಣು ಹಾಯಿಸುವ ಮುನ್ನ, ಈ ಮನುಷ್ಯನಿಗೆ ಈಗ ಏನಾಗುತ್ತಿದೆ, ನನ್ನಿಂದ ಏನು ಕೇಳುತ್ತಿದ್ದಾರೆ ಎಂದು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಳ್ಳುವುದನ್ನು ಅಭ್ಯಾಸ ಮಾಡಿದೆ. ರೋಗಿಯ ಯಾವ ಮಾತಿನಿಂದ ಆತನಿಗೆ ಇನ್ನೂ ತಿಳಿವಳಿಕೆ ಬೇಕೆಂದು ಗೊತ್ತಾಗುತ್ತದೆ ಎನ್ನುವ ಬಗೆಯ ಪ್ರಶ್ನೆಗಳಲ್ಲಿ ಹುಡುಕಬೇಕಾದದ್ದು ತಪ್ಪು ಮಾತನ್ನು. ಅವಸರದಲ್ಲಿ ಸರಿ ಮಾತನ್ನು ಒತ್ತಿ ಬಂದದ್ದು ಎಷ್ಟು ಸಲವೋ. ಕನ್ನಡದಲ್ಲಿ "ಯಾರಿಗೆ ಇನ್ನೂ ಅರ್ಥವಾಗಿಲ್ಲ?" ಎಂದುಕೊಂಡ ಮೇಲೆ ಆ ತಪ್ಪು ನಿಂತಿತು. ಕೋಚಿಂಗಿನಲ್ಲಿ ಇಂಗ್ಲಿಷಿನಲ್ಲೇ ಯೋಚಿಸಿ ಎಂದು ಹೇಳಿಕೊಟ್ಟಿದ್ದರು. ನನ್ನ ಮಟ್ಟಿಗೆ ಅದು ಕೆಟ್ಟ ಸಲಹೆ.

ಅಷ್ಟರಲ್ಲಿ ಪರೀಕ್ಷೆಯೇ ಬದಲಾಯಿತು. 2023ರ ಏಪ್ರಿಲ್ 1ರಿಂದ ಕನಿಷ್ಠ 85, ಗರಿಷ್ಠ 150 ಪ್ರಶ್ನೆ, ಐದು ಗಂಟೆ. ಜೊತೆಗೆ ಒಬ್ಬ ರೋಗಿಯ ನರ್ಸಿಂಗ್ ಟಿಪ್ಪಣಿ, ಬಿಪಿ, ನಾಡಿ, ಲ್ಯಾಬ್ ವರದಿಗಳನ್ನು ಮುಂದಿಟ್ಟು ಆರು ಪ್ರಶ್ನೆ ಕೇಳುವ ಕೇಸ್ ಸ್ಟಡಿಗಳು, ಎಲ್ಲರಿಗೂ ಕನಿಷ್ಠ ಮೂರು. ಸುಳಿವು ಗುರುತಿಸು, ಅದರ ಅರ್ಥ ಹುಡುಕು, ಯಾವುದು ಮುಖ್ಯ ಎಂದು ನಿರ್ಧರಿಸು, ಉಪಾಯ ಯೋಚಿಸು, ಮಾಡು, ಫಲ ನೋಡು, ಇದು ಆ ಆರರ ಕ್ರಮ. ಜೊತೆಯವರು ಹೆದರಿದರು, ನನಗೆ ಮಾತ್ರ ಇದು ನನ್ನ ಕೆಲಸದಂತೆಯೇ ಕಂಡಿತು. ಹ್ಯಾಂಡ್‌ಓವರ್ ಆದ ಮೇಲೆ ನನ್ನ ಒಬ್ಬ ರೋಗಿಯನ್ನು ಆರಿಸಿ ಇದೇ ಆರು ಪ್ರಶ್ನೆಗಳನ್ನು ಕೇಳಿಕೊಳ್ಳತೊಡಗಿದೆ. ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯಾಗಿ ಎರಡನೆಯ ದಿನ, ಇದ್ದಕ್ಕಿದ್ದಂತೆ ಉಸಿರಾಟದ ತೊಂದರೆ, ನಾಡಿ 118, ಆಮ್ಲಜನಕ 89, ಜ್ವರವಿಲ್ಲ. ನ್ಯುಮೋನಿಯಾವೋ, ಶ್ವಾಸಕೋಶಕ್ಕೆ ಹೋದ ರಕ್ತದ ಹೆಪ್ಪೋ? ಯಾವ ಸುಳಿವು ಯಾವುದರ ಕಡೆ ವಾಲುತ್ತದೆ? ಇಂಥ ಅಭ್ಯಾಸ ನಲವತ್ತು ಐವತ್ತು ರೋಗಿಗಳ ಮೇಲೆ ಆಗಿರಬೇಕು. ಅಂಕ ಕೊಡುವ ರೀತಿಯೂ ಬದಲಾಗಿತ್ತು: ಅನ್ವಯಿಸುವುದನ್ನೆಲ್ಲ ಆರಿಸಿ ಎನ್ನುವಲ್ಲಿ ಹಿಂದೆ ಒಂದು ತಪ್ಪಿದರೂ ಸೊನ್ನೆ, ಈಗ ಸರಿಗೆ ಒಂದು ಸೇರುತ್ತದೆ, ತಪ್ಪಿಗೆ ಒಂದು ಕಳೆಯುತ್ತದೆ, ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಹಾಗಾಗಿ ಖಚಿತವಿಲ್ಲದ್ದನ್ನು ಆಸೆಗೆ ಒತ್ತುವುದನ್ನು ಬಿಟ್ಟೆ.

2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಕೇಂದ್ರದಲ್ಲೇ ಮೂರನೆಯ ಸಲ ಕುಳಿತೆ. ಪಾಸ್‌ಪೋರ್ಟಿನ ಹೆಸರೂ ಪರೀಕ್ಷೆಯ ಅನುಮತಿಪತ್ರದ ಹೆಸರೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದರ ವಿಸ್ತಾರ ಇರುವ ನಮ್ಮಂಥವರು ಇದನ್ನು ಅರ್ಜಿ ಹಾಕುವ ಮೊದಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು. ಮೊದಲ ಸಲ ನನಗೆ ಇದರಿಂದಲೇ ತಿಂಗಳುಗಟ್ಟಲೆ ತಡವಾಗಿತ್ತು. ಅಂಗೈಯ ರಕ್ತನಾಳಗಳನ್ನು ಸ್ಕ್ಯಾನ್ ಮಾಡಿ ಒಳಗೆ ಬಿಟ್ಟರು. ಪರೀಕ್ಷೆ ಶುರುವಾಗಿ ಎರಡು ಗಂಟೆಯಾದ ಮೇಲೆ ಬರುವ ಮೊದಲ ವಿರಾಮವನ್ನು ಹಿಂದಿನ ಎರಡು ಸಲ ಬಿಟ್ಟಿದ್ದೆ. ಈ ಸಲ ಹೊರಗೆ ಬಂದು ಒಂದು ಬಾಳೆಹಣ್ಣು ತಿಂದು ನೀರು ಕುಡಿದು ಹೋದೆ. ವಿರಾಮದ ಸಮಯವೂ ಐದು ಗಂಟೆಯೊಳಗೇ ಸೇರುತ್ತದೆ, ಆದರೂ ನಷ್ಟವಿಲ್ಲ. 85 ದಾಟಿದರೂ ನಿಲ್ಲಲಿಲ್ಲ. ಹಿಂದಿನ ನಾನಾಗಿದ್ದರೆ ಅಲ್ಲೇ ಕುಸಿಯುತ್ತಿದ್ದೆ. ಯಾರಿಗೇ ಆಗಲಿ ಸುಮಾರು ಅರ್ಧ ತಪ್ಪಾಗುವಂಥ ಪ್ರಶ್ನೆಗಳನ್ನೇ ಈ ಕಂಪ್ಯೂಟರು ಹುಡುಕಿ ಕೊಡುತ್ತದೆ, ಕಷ್ಟವೆನಿಸುವುದು ಸೋಲಿನ ಲಕ್ಷಣವಲ್ಲ ಎಂಬುದು ಈ ವೇಳೆಗೆ ತಲೆಗೆ ಹೋಗಿತ್ತು. 112ರಲ್ಲಿ ನಿಂತಿತು.

ಪಾಸಾದ ಸುದ್ದಿ ಬಂದಾಗ ಡ್ಯೂಟಿಯಲ್ಲಿದ್ದೆ. ಅತ್ತೆಯವರಿಗೆ ಫೋನ್ ಮಾಡಿದರೆ, "ಚೀಟಿ ದುಡ್ಡು ವಸೂಲಾಯ್ತು ಬಿಡು" ಎಂದರು. ಭಾರತದಲ್ಲಿ ಹುಟ್ಟಿದವರ ವೀಸಾ ಸಾಲು ಬಹಳ ಉದ್ದವಿರುವುದರಿಂದ ನಾನು ಇನ್ನೂ ಅದೇ ಐಸಿಯುನಲ್ಲಿದ್ದೇನೆ. ನೋಟ್‌ಬುಕ್ ಈಗ ಒಮ್ಮೆ ಫೇಲಾಗಿ ಬಂದಿರುವ ಒಬ್ಬ ಕಿರಿಯ ಸಿಸ್ಟರ್ ಬಳಿ ಇದೆ. ಖಾಲಿ ಉಳಿದಿದ್ದ ಪುಟಗಳಲ್ಲಿ ಅವಳು ಸ್ಕೇಲ್ ಹಿಡಿದು ನಾಲ್ಕನೆಯ ಕಾಲಂ ಎಳೆದುಕೊಂಡಿದ್ದಾಳೆ: ನಿದ್ದೆಗಣ್ಣಿನಲ್ಲಿ ಒತ್ತಿದ್ದು. ನೈಟ್ ಡ್ಯೂಟಿ ಮುಗಿಸಿ ಬಂದು ಓದುವುದನ್ನು ಬಿಡು ಎಂದು ಹೇಳಿದ್ದೇನೆ, ಕೇಳುತ್ತಿಲ್ಲ.