ಎರಡನೇ ಶನಿವಾರ ಖಾಲಿ ಇರಲಿ

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. 2015ರ ಸೆಪ್ಟೆಂಬರ್‌ನಿಂದ ನಮಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಆದರೆ ರಜೆ ಇದ್ದ ಮಾತ್ರಕ್ಕೆ ಬಿಡುವು ಸಿಗುವುದಿಲ್ಲ. ಮಿಕ್ಸಿ ರಿಪೇರಿ, ಟೈಲರ್ ಅಂಗಡಿ, ಹಲ್ಲಿನ ಡಾಕ್ಟರು, ಎಲ್ಲವೂ ಅವತ್ತಿಗೇ ಕಾದಿರುತ್ತವೆ. ಅದಕ್ಕೇ ಇಂಥ ಕೆಲಸವನ್ನೆಲ್ಲ ನಾಲ್ಕನೇ ಶನಿವಾರಕ್ಕೆ ತಳ್ಳಿ. ಎರಡನೆಯದನ್ನು ಯಾರಿಗೂ ಕೊಡಬೇಡಿ.

ತಿಂಗಳು ಶುರುವಾಗುವ ಮೊದಲೇ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿ. ಏನು ಮಾಡುವುದು ಅಂತ ಮಾತ್ರ ಬರೆಯಬೇಡಿ. ಬರೆದರೆ ಅದೂ ಒಂದು ಡ್ಯೂಟಿ ಆಗಿಬಿಡುತ್ತದೆ. ಯಾರಾದರೂ ಕರೆದರೆ "ನೋಡ್ತೀನಿ" ಅನ್ನಬೇಡಿ, ಬರುತ್ತೀರಿ ಅಂತಲೇ ಅವರು ತಿಳಿಯುತ್ತಾರೆ. "ಅವತ್ತು ಆಗಲ್ಲ, ಇನ್ನೊಂದು ದಿನ ಮನೆಗೇ ಬರ್ತೀನಿ" ಅನ್ನಿ, ಹೋಗಿಯೂ ಬನ್ನಿ. ಹತ್ತಿರದವರ ಮದುವೆ ಇದ್ದರೆ ಹೋಗಲೇಬೇಕು, ಅಲ್ವಾ? ಆಗ ಮರುದಿನ ಭಾನುವಾರದ ಮಧ್ಯಾಹ್ನವನ್ನು ಖಾಲಿ ಇಟ್ಟುಕೊಳ್ಳಿ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಅಡುಗೆಮನೆ. ಮನಸ್ಸು ಬಂದಾಗ ಹೊರಡಬೇಕಾದರೆ "ಊಟಕ್ಕೇನು?" ಅನ್ನುವ ಪ್ರಶ್ನೆ ಇರಬಾರದು. ಶುಕ್ರವಾರ ರಾತ್ರಿಯೇ ಗಟ್ಟಿ ಅವಲಕ್ಕಿಯನ್ನು ತರಿತರಿಯಾಗಿ ಪುಡಿ ಮಾಡಿಡಿ. ಬೆಳಿಗ್ಗೆ ಹುಣಸೆರಸಕ್ಕೆ ಉಪ್ಪು, ಬೆಲ್ಲ, ಸಾರಿನ ಪುಡಿ ಹಾಕಿ ಅದರಲ್ಲಿ ಅವಲಕ್ಕಿ ಕಲಸಿ. ರಸ ಅವಲಕ್ಕಿ ನೆನೆಯುವಷ್ಟಿದ್ದರೆ ಸಾಕು, ಜಾಸ್ತಿಯಾದರೆ ಮುದ್ದೆಯಾಗುತ್ತದೆ. ಅರ್ಧ ಗಂಟೆ ಬಿಟ್ಟು ಕೈಯಲ್ಲಿ ಉದುರಿಸಿ, ಕಡಲೆಕಾಯಿ ಬೀಜ, ಕರಿಬೇವು, ಇಂಗಿನ ಒಗ್ಗರಣೆ ಕೊಟ್ಟು ಕೊಬ್ಬರಿ ತುರಿ ಹಾಕಿ. ಗೊಜ್ಜವಲಕ್ಕಿ ತಣ್ಣಗಾದರೂ ರುಚಿ, ಡಬ್ಬಿಗೂ ಆಗುತ್ತದೆ. ಬಾಗಿಲ ಹತ್ತಿರದ ಚೀಲದಲ್ಲಿ ಛತ್ರಿ, ನೀರಿನ ಬಾಟಲ್, ಒಂದು ಹಳೇ ಬೆಡ್‌ಶೀಟ್ ಸದಾ ಇರಲಿ.

ಎಲ್ಲಿಗೆ ಅನ್ನುವುದನ್ನು ಕಾಫಿ ಕುಡಿಯುವಾಗ ಕೇಳಿ. ಪ್ರತಿಸಲ ಮಕ್ಕಳನ್ನೇ ಕೇಳಬೇಡಿ, ಮನೆಯ ಹಿರಿಯರಿಗೂ ಆಸೆ ಇರುತ್ತದೆ. ನಮ್ಮತ್ತೆ ಒಮ್ಮೆ "ಈ ಮೆಟ್ರೋ ಕೊನೇ ತನಕ ಹೋಗಿ ಬರೋಣ" ಅಂದರು. ಜಯನಗರದಲ್ಲಿ ಹಸಿರು ಮಾರ್ಗದ ರೈಲು ಹತ್ತಿ ರೇಷ್ಮೆ ಸಂಸ್ಥೆಯವರೆಗೆ ಹೋದೆವು. ಬನಶಂಕರಿ, ಯಲಚೇನಹಳ್ಳಿ, ವಾಜರಹಳ್ಳಿ, ಪ್ರತಿ ಸ್ಟೇಷನ್ನಿನ ಹೆಸರನ್ನೂ ಅವರು ಜೋರಾಗಿ ಓದಿದರು. ಮೇಲಿಂದ ಕನಕಪುರ ರಸ್ತೆ ನೋಡುತ್ತಾ, ಮೊದಲು ಇಲ್ಲಿ ಏನೇನಿತ್ತು ಅಂತ ಮೊಮ್ಮಗನಿಗೆ ಹೇಳಿದರು. ಮನೆಯಲ್ಲಿ ಅವರು ಇಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಯಾರಿಗೂ ಎಲ್ಲಿಗೂ ಬೇಡವಾದರೆ ಸುಮ್ನೆ ಮನೆಯಲ್ಲಿರಿ. ಮಕ್ಕಳು "ಬೋರು" ಅಂದ ತಕ್ಷಣ ಫೋನ್ ಕೈಗೆ ಕೊಡಬೇಡಿ. ಸ್ವಲ್ಪ ಹೊತ್ತು ಗೊಣಗುತ್ತಾರೆ, ಆಮೇಲೆ ಅವರೇ ಏನೋ ಶುರುಮಾಡುತ್ತಾರೆ. ನೀವು ಮಧ್ಯೆ ಹೋಗಿ ಹೀಗಲ್ಲ ಹಾಗೆ ಅನ್ನದಿದ್ದರೆ ಸಾಕು.