ಪೇರಲ ನೆಲದಲ್ಲಿ, ಬ್ಲೂಬೆರಿ ಕುಂಡದಲ್ಲಿ

ನಮ್ಮ ಮನೆ ಧಾರವಾಡದ ಪೂರ್ವಕ್ಕೆ, ಎರಿ ಮಣ್ಣಿನ, ಅಂದರೆ ಕಪ್ಪು ಮಣ್ಣಿನ ಕಡೆ. ಹಿತ್ತಲು ದೊಡ್ಡದೇನಲ್ಲ. 30 ಅಡಿ ಉದ್ದ, 15 ಅಡಿ ಅಗಲ. ಅಲ್ಲಿ ಒಂದೇ ಮಳೆಗಾಲದಲ್ಲಿ ಎರಡು ಹಣ್ಣಿನ ಗಿಡ ನೆಟ್ಟೆ. ಪೇರಲಕ್ಕೆ ಕೊಟ್ಟದ್ದು 80 ರೂಪಾಯಿ, ಬ್ಲೂಬೆರಿಗೆ 900.

ನಮ್ಮ ಅತ್ತೆಯವರ ತವರು ನವಲೂರು. ಹುಬ್ಬಳ್ಳಿ-ಧಾರವಾಡ ನಡುವೆ ಓಡಾಡಿದವರಿಗೆಲ್ಲ ನವಲೂರಿನ ಪೇರಲ ಗೊತ್ತು. ಅವರು ಬ್ಲೂಬೆರಿ ಗಿಡವನ್ನು ತಿರುಗಿಸಿ ತಿರುಗಿಸಿ ನೋಡಿ, "ಏನವಾ, ಈ ಕಡ್ಡಿಗೆ ಒಂಬೈನೂರಾ?" ಅಂದರು. ನಾನು ನಕ್ಕು ಸುಮ್ಮನಾದೆ. ಆಗ ನನಗೆ ಧೈರ್ಯ ಜಾಸ್ತಿ ಇತ್ತು.

ಆ ಧೈರ್ಯ ಬಂದದ್ದು ಮಗಳ ಮನೆಯಿಂದ. ಅವಳು ಇರುವುದು ಅಮೆರಿಕದ ಮಿಷಿಗನ್‌ನಲ್ಲಿ. ಹಿಂದಿನ ವರ್ಷ ಜುಲೈನಲ್ಲಿ ಅಲ್ಲಿಗೆ ಹೋದಾಗ ಅವಳ ಹಿತ್ತಲಲ್ಲಿ ನನ್ನೆತ್ತರದ ನಾಲ್ಕು ಪೊದೆ, ತುಂಬ ಹಣ್ಣು. ದಿನಾ ಬೆಳಿಗ್ಗೆ ಒಂದು ಬೋಗುಣಿ ಕಿತ್ತು ತರುತ್ತಿದ್ದೆ. "ಇದಕ್ಕೆ ಏನೇನು ಮಾಡ್ತೀಯೇ?" ಅಂತ ಕೇಳಿದರೆ, "ಏನೂ ಇಲ್ಲಮ್ಮ, ಚಳಿಗಾಲದಲ್ಲಿ ಹಿಮದಾಗ ಮುಚ್ಚಿ ಹೋಗಿರ್ತದ, ಬೇಸಿಗೆಗೆ ತಾನೇ ಚಿಗೀತದ" ಅಂದಳು. ಮೈನಸ್ 20 ಡಿಗ್ರಿ ತಡೆಯುವ ಗಿಡ ನಮ್ಮ ಧಾರವಾಡವನ್ನು ತಡೆಯದೇ ಇರುತ್ತದೆಯೇ? ಗಟ್ಟಿ ಗಿಡ ಅಂದಮೇಲೆ ಎಲ್ಲಿಟ್ಟರೂ ಗಟ್ಟಿಯೇ ಅಂತ ನನ್ನ ಲೆಕ್ಕ. ತಪ್ಪಿದ್ದೇ ಅಲ್ಲಿ.

ಮೊದಲು ಪೇರಲದ ಕಥೆ ಹೇಳಿಬಿಡುತ್ತೇನೆ, ಅದರಲ್ಲಿ ತಾಪತ್ರಯ ಕಡಿಮೆ. ತಂದದ್ದು ಎಲ್-49 ತಳಿಯ ಗೂಟಿ ಗಿಡ, ಅಂದರೆ ತಾಯಿಗಿಡದ ಕೊಂಬೆಗೇ ಬೇರು ಬರಿಸಿ ಕತ್ತರಿಸಿದ ಗಿಡ. ಇದಕ್ಕೆ ಸರ್ದಾರ್ ಅಂತಲೂ ಹೆಸರು. ಪುಣೆಯ ಗಣೇಶಖಿಂಡದಲ್ಲಿ 1927ರಲ್ಲಿ ಆರಿಸಿದ ತಳಿ. ಬೀಜದಿಂದ ಬೆಳೆಸಿದರೆ ತಾಯಿಗಿಡದ ಗುಣವೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ, ಅದಕ್ಕೇ ಗೂಟಿ. ಏಪ್ರಿಲ್‌ನಲ್ಲೇ ಎರಡಡಿ ತಗ್ಗು ತೆಗೆಸಿ ಬಿಸಿಲಿಗೆ ಬಿಟ್ಟಿದ್ದೆ. ಮಳೆ ಹಿಡಿದ ಮೇಲೆ ಅರ್ಧ ಎರಿ ಮಣ್ಣು, ಅರ್ಧ ಮಸಾರಿ (ಕೆಂಪು) ಮಣ್ಣು, ಎರಡು ಬುಟ್ಟಿ ತಿಪ್ಪೆ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ ಹಾಕಿ ತುಂಬಿಸಿದೆ. ಎರಿ ಮಣ್ಣಿನಲ್ಲಿ ನೀರು ನಿಲ್ಲುತ್ತದೆ. ಹಾಗಾಗಿ ಗಿಡವನ್ನು ನೆಲದ ಮಟ್ಟಕ್ಕಿಂತ ಒಂದು ಗೇಣು ಎತ್ತರದ ದಿಬ್ಬದ ಮೇಲೆ ಕೂರಿಸಿದೆ. ಎರಡೂವರೆ ಅಡಿ ಬೆಳೆದಾಗ ತುದಿ ಚಿವುಟಿದೆ. ಮೊದಲ ವರ್ಷದ ಹೂವನ್ನು ಅಷ್ಟೂ ಕಿತ್ತು ಹಾಕಿದೆ. ಅತ್ತೆ ಸಂಕಟಪಟ್ಟರು, ಆದರೂ ಕಿತ್ತೆ. ಅಷ್ಟೇ ಮಾಡಿದ್ದು.

ಬ್ಲೂಬೆರಿಗೂ ಇದೇ ಉಪಚಾರ. ಅದೇ ತಗ್ಗು, ಅದೇ ಗೊಬ್ಬರ, ಇನ್ನೂ ಸ್ವಲ್ಪ ಜಾಸ್ತಿಯೇ. ತುಟ್ಟಿ ಗಿಡ ಅಲ್ವಾ. ಎರಡು ತಿಂಗಳಿಗೆ ಎಲೆ ಹಳದಿಯಾಯಿತು, ನರಗಳು ಮಾತ್ರ ಹಸಿರು. ನಾನು ಗೊಬ್ಬರ ಸಾಲದು ಅಂತ ಮತ್ತೊಂದು ಬುಟ್ಟಿ ಸುರಿದೆ. ಎಲೆ ಇನ್ನೂ ಬಿಳಿಚಿತು.

ಪಕ್ಕದ ಮನೆಯ ಕಾಕಾ ಕೃಷಿ ವಿಶ್ವವಿದ್ಯಾಲಯದಲ್ಲಿದ್ದು ನಿವೃತ್ತರಾದವರು. ಒಂದು ದಿನ ಬಂದು ನೋಡಿ, "ಮನ್ಯಾಗ ವಿನೆಗರ್ ಅದ ಏನ್ರಿ ತಂಗಿ?" ಅಂತ ಕೇಳಿದರು. ಕೊಟ್ಟೆ. ಒಂದು ಹಿಡಿ ಮಣ್ಣು ತೆಗೆದು ತಟ್ಟೆಗೆ ಹಾಕಿ, ಮೇಲೆ ವಿನೆಗರ್ ಸುರಿದರು. ಮಣ್ಣು ಸೋಡಾದ ಹಾಗೆ ಬುರುಬುರು ನೊರೆ ಕಾರಿತು. ಎರಿ ಮಣ್ಣಿನಲ್ಲಿ ಬಿಳಿ ಹರಳು ಕಾಣುತ್ತವಲ್ಲ, ಅದೆಲ್ಲ ಸುಣ್ಣ. "ನೋಡ್ರಿ, ಎಷ್ಟು ಸುಣ್ಣ ಅದ. ನಿಮ್ಮ ಗಿಡಕ್ಕ ಹುಳಿ ಮಣ್ಣು ಬೇಕು" ಅಂದರು.

ಹುಳಿ ಅಳೆಯುವ ಪಟ್ಟಿ ತಂದು ನೋಡಿದರೆ ನಮ್ಮ ಮಣ್ಣಿನ ಪಿಎಚ್ 8. ಈ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಬ್ಲೂಬೆರಿಗೆ ಬೇಕಾದದ್ದು 4.5ರಿಂದ 5.5. ಸುಣ್ಣದ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಗಿಡಕ್ಕೆ ಸಿಗುವುದಿಲ್ಲ, ಅದಕ್ಕೇ ಆ ಹಳದಿ. ಬ್ಲೂಬೆರಿಯ ಬೇರು ಬೇರೆ ಗಿಡಗಳ ಹಾಗಲ್ಲ. ನೀರು, ಸತ್ವ ಹೀರುವ ಬೇರುಗೂದಲೇ ಇಲ್ಲ. ಮೇಲ್ಮಣ್ಣಿನಲ್ಲೇ ಹರಡಿಕೊಂಡು ಒಂದು ಜಾತಿಯ ಶಿಲೀಂಧ್ರದ ಜೊತೆ ಸೇರಿ ಊಟ ಮಾಡುತ್ತದೆ. ಗಂಧಕ ಹಾಕಿ ಮಣ್ಣನ್ನು ಹುಳಿ ಮಾಡಬಹುದು ಅನ್ನುತ್ತಾರೆ. ನಮ್ಮ ಎರಿಯಲ್ಲಿ ಆ ಆಸೆ ಬೇಡ. ಎಷ್ಟು ಹಾಕಿದರೂ ಸುಣ್ಣ ಅದನ್ನು ನುಂಗುತ್ತದೆ.

ಆಮೇಲೆ ಓದಿದಾಗ ಒಂದು ಸಮಾಧಾನ ಆಯಿತು. ಅಮೆರಿಕದವರಿಗೂ ಇದು ಬಹಳ ದಿನ ಕಾಡಿನ ಹಣ್ಣೇ ಆಗಿತ್ತು. ಅಲ್ಲಿನ ಕೃಷಿ ಇಲಾಖೆಯ ಸಸ್ಯಶಾಸ್ತ್ರಜ್ಞ ಫ್ರೆಡರಿಕ್ ಕೋವಿಲ್ ಇದಕ್ಕೆ ಹುಳಿ ಮಣ್ಣೇ ಬೇಕು ಅಂತ 1910ರಲ್ಲಿ ಬರೆದ. ತೋಟದ ಫಲವತ್ತಾದ ಮಣ್ಣು ಇದಕ್ಕೆ ಆಗದು ಅಂತಲೂ ಅವನೇ ತೋರಿಸಿದ್ದು. ನ್ಯೂಜೆರ್ಸಿಯ ಎಲಿಜಬೆತ್ ವೈಟ್ ಅನ್ನುವ ಹೆಣ್ಣುಮಗಳು ಅವನ ಜೊತೆ ಸೇರಿ ಬೆಳೆಸಿ, 1916ರಲ್ಲಿ ಮೊದಲ ಸಲ ಮಾರಾಟಕ್ಕೆ ತಂದಳು. ಅಂದರೆ ಒಳ್ಳೆ ಮಣ್ಣು, ಒಳ್ಳೆ ಗೊಬ್ಬರ ಹಾಕಿ ಬ್ಲೂಬೆರಿ ಕೊಲ್ಲಲು ಹೊರಟವಳು ನಾನೊಬ್ಬಳೇ ಅಲ್ಲ.

ಗಿಡವನ್ನು ಕಿತ್ತು ಕುಂಡಕ್ಕೆ ಹಾಕಿದೆ. ಎಲೆ ಹಸಿರಾಯಿತು, ಹೂ ಮಾತ್ರ ಇಲ್ಲ. ಒಂದು ವರ್ಷ ಕಾದೆ, ಎರಡು ವರ್ಷ ಕಾದೆ. ಆಗ ತಿಳಿದದ್ದು ಚಳಿಯ ಲೆಕ್ಕ.

ಈ ಗಿಡ ಚಳಿಯನ್ನು ತಡೆಯುವುದಷ್ಟೇ ಅಲ್ಲ, ಚಳಿಯನ್ನು ಎಣಿಸುತ್ತದೆ. ಎಲೆ ಉದುರಿಸಿ ಮಲಗುತ್ತದೆ. 7 ಡಿಗ್ರಿಗಿಂತ ಕೆಳಗೆ ಇಷ್ಟು ಗಂಟೆ ಕಳೆದವು ಅಂತ ಖಾತ್ರಿಯಾದ ಮೇಲೇ ಸರಿಯಾಗಿ ಏಳುತ್ತದೆ. ಇದಕ್ಕೆ ಚಿಲ್ಲಿಂಗ್ ಅವರ್ಸ್ ಅನ್ನುತ್ತಾರೆ. ಜನವರಿಯಲ್ಲಿ ನಡುವೆ ಎರಡು ದಿನ ಬಿಸಿಲು ಬಿದ್ದರೆ ಮೋಸಹೋಗಿ ಹೂಬಿಟ್ಟು ಸಾಯಬಾರದಲ್ಲ, ಅದಕ್ಕೆ ಈ ಎಚ್ಚರ. ಮಗಳ ಮನೆಯ ಜಾತಿಗೆ 800ರಿಂದ 1000 ಗಂಟೆ ಬೇಕು. ನಾನು ಹಿತ್ತಲ ಗೋಡೆಗೆ ಥರ್ಮಾಮೀಟರ್ ತೂಗುಹಾಕಿ ಡಿಸೆಂಬರ್, ಜನವರಿ ಎರಡೂ ತಿಂಗಳು ನೋಡಿದೆ. ಸ್ವೆಟರ್ ಹಾಕಿಕೊಂಡು ನಡುಗಿದ ಬೆಳಿಗ್ಗೆಯೂ 12ರ ಕೆಳಗೆ ಇಳಿಯಲಿಲ್ಲ. ನನ್ನ ಗಿಡದ ಲೆಕ್ಕದಲ್ಲಿ ಒಂದು ಗಂಟೆಯೂ ಜಮಾ ಆಗಿರಲಿಲ್ಲ.

ಗಿಡ ಮಾರಿದವರು ಇದನ್ನೆಲ್ಲ ಹೇಳಿರಲಿಲ್ಲ. ನಾನೂ ತಳಿ ಯಾವುದು ಅಂತ ಕೇಳಿರಲಿಲ್ಲ. ಬ್ಲೂಬೆರಿ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ಬಿಸಿ ಊರುಗಳಿಗೆ ಅಂತಲೇ ಬೆಳೆಸಿದ ತಳಿಗಳಿವೆ. ಅಮೆರಿಕದ ಮಿಸಿಸಿಪ್ಪಿಯಲ್ಲಿ 1998ರಲ್ಲಿ ಬಿಡುಗಡೆಯಾದ ಬಿಲಾಕ್ಸಿ ಅಂಥದ್ದು. ಪೆರು, ಮೆಕ್ಸಿಕೋದಂಥ ಕಡೆ ಅದು ಎಲೆ ಉದುರಿಸದೆಯೇ ಹಣ್ಣು ಬಿಡುತ್ತದೆ. ಹಟ ಬಿಡಲಾಗದೆ ಬಿಲಾಕ್ಸಿ ಎರಡು ಗಿಡ ತಂದೆ. ಮನೆಯವರಿಗೆ ಬೆಲೆ ಹೇಳಲಿಲ್ಲ.

ಈಗ ಅವು ಇರುವುದು 16 ಇಂಚಿನ ಕುಂಡದಲ್ಲಿ. ಹಿತ್ತಲ ಮಣ್ಣು ಒಂದು ಹಿಡಿಯೂ ಇಲ್ಲ. ಉಪ್ಪು ಹೋಗುವಂತೆ ಎರಡು ಸಲ ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎಲೆಗೊಬ್ಬರ, ಒಂದು ಹಿಡಿ ಗಂಧಕ. ಮಳೆಗಾಲದಲ್ಲಿ ತಗಡಿನಿಂದ ಇಳಿಯುವ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಡುತ್ತೇನೆ. ಅದು ಮುಗಿದ ಮೇಲೆ ಬೋರಿನ ನೀರಿಗೆ ಚಿಟಿಕೆ ಚಿಟಿಕೆ ನಿಂಬೆ ಉಪ್ಪು ಹಾಕಿ, ಪಟ್ಟಿಯಲ್ಲಿ 5ರ ಹತ್ತಿರ ಬಂದ ಮೇಲೆ ಹಾಕುತ್ತೇನೆ. ಬೋರಿನ ನೀರು ಹಾಗೇ ಹಾಕಿದರೆ ಕೆಲವೇ ತಿಂಗಳಲ್ಲಿ ಕುಂಡವೂ ಎರಿ ಹೊಲವೇ. ತಿಂಗಳಿಗೊಮ್ಮೆ ಅರ್ಧ ಚಮಚ ಅಮೋನಿಯಂ ಸಲ್ಫೇಟ್ ಗೊಬ್ಬರ. ಮಾರ್ಚ್‌ನಿಂದ ಮೇ ತನಕ ಹಸಿರು ನೆಟ್ ಕೆಳಗೆ. ಮಗುವಿಗೆ ಇಷ್ಟು ಮಾಡಿದ್ದರೆ ಮಗು ಡಾಕ್ಟರ್ ಆಗುತ್ತಿತ್ತು ಅಂತ ಮನೆಯವರ ತಮಾಷೆ.

ಮೊದಲ ಫಸಲು 11 ಹಣ್ಣು. ಎಣಿಸಿದ್ದೇನೆ. ಅದರಲ್ಲಿ ನಾಲ್ಕು ಪಿಕಳಾರ ಹಕ್ಕಿಗೆ. ಮರುವರ್ಷ ಬಲೆ ಕಟ್ಟಿದೆ, ಎರಡೂ ಗಿಡ ಸೇರಿ ಎರಡು ಬೋಗುಣಿ ಬಂತು. ರುಚಿ ಚೆನ್ನಾಗಿಯೇ ಇತ್ತು. ಮಗಳ ಮನೆಯ ಹಣ್ಣಿನಷ್ಟು ಅಂತ ಹೇಳಿದರೆ ಸುಳ್ಳಾಗುತ್ತದೆ.

ಈ ನಡುವೆ ಪೇರಲ ಮಹಡಿಗೆ ಕೈ ಚಾಚಿತ್ತು. ಅದರಿಂದಲೂ ಒಂದು ಪಾಠ ಕಲಿತೆ. ಮೂರನೇ ವರ್ಷ ಮಳೆಗಾಲದ ಹಣ್ಣು ಬಹಳ ಬಂತು, ಆದರೆ ಸಪ್ಪೆ, ಕೊಯ್ದರೆ ಒಳಗೆ ಹುಳ. ಹಣ್ಣುನೊಣದ ಕಾಟ ಮಳೆಯಲ್ಲೇ ಹೆಚ್ಚು. ಅತ್ತೆ ಹೇಳಿದ ಹಾಗೆ ಮಾಡಿದೆ. ಫೆಬ್ರವರಿ, ಮಾರ್ಚ್‌ನ ಹೂ ಉದುರಿಸಿ, ನೀರು ನಿಲ್ಲಿಸಿ, ಮೇ ತಿಂಗಳಲ್ಲಿ ಕೊಂಬೆಗಳ ತುದಿ ಸವರಿದೆ. ಪೇರಲ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಮುಂಗಾರು ಬಿದ್ದ ಕೂಡಲೇ ಚಿಗುರು, ಅದರ ಜೊತೆಗೇ ಮೊಗ್ಗು. ನವೆಂಬರ್‌ನಿಂದ ಜನವರಿ ತನಕ ಹಣ್ಣು, ಗಟ್ಟಿ, ಸಿಹಿ. ನಮ್ಮ ಊರಿನ ಸಣ್ಣ ಚಳಿ ಬ್ಲೂಬೆರಿಯ ಲೆಕ್ಕಕ್ಕೆ ಬರದಿದ್ದರೂ ಪೇರಲಕ್ಕೆ ಸಾಕು. ಸಿ ವಿಟಮಿನ್ ನೋಡಿದರೂ ಹಾಗೇ. 100 ಗ್ರಾಂ ಪೇರಲದಲ್ಲಿ 200 ಮಿಲಿಗ್ರಾಂಗೂ ಜಾಸ್ತಿ, ಬ್ಲೂಬೆರಿಯಲ್ಲಿ ಸುಮಾರು 10. ಬ್ಲೂಬೆರಿ ತಿಂದರೆ ಆರೋಗ್ಯ ಅಂತ ಹೇಳಿ ದುಡ್ಡು ಸುರಿಯುವವರು ಇದನ್ನೂ ಒಮ್ಮೆ ನೋಡಲಿ.

ಮಗಳಿಗೂ ಹಟ ಇದೆ ಅನ್ನಿ. ಅಲ್ಲಿ ಕುಂಡದಲ್ಲಿ ಒಂದು ಪೇರಲ ಸಾಕಿದ್ದಾಳೆ. ಅಕ್ಟೋಬರ್ ಬಂತೆಂದರೆ ಅದು ಸೋಫಾ ಪಕ್ಕಕ್ಕೆ, ಹೊರಗೆ ಹೋಗುವುದು ಮೇ ತಿಂಗಳಿಗೆ. ವಿಡಿಯೋ ಕಾಲಿನಲ್ಲಿ ಇಬ್ಬರೂ ನಮ್ಮ ನಮ್ಮ ರೋಗಿಗಳನ್ನು ತೋರಿಸಿಕೊಳ್ಳುತ್ತೇವೆ.

ಯಾರಾದರೂ ಕೇಳಿದರೆ ನೆಲಕ್ಕೆ ಪೇರಲವನ್ನೇ ಹಾಕಿರಿ ಅನ್ನುತ್ತೇನೆ. ಹವ್ಯಾಸಕ್ಕಾದರೆ ಬ್ಲೂಬೆರಿ ಸರಿ, ಕುಂಡದಲ್ಲಿ ಮಾತ್ರ. ಪೊದೆಯೇ ಬೇಕು, ಕಪ್ಪು ಸಣ್ಣ ಹಣ್ಣೇ ಬೇಕು ಅನ್ನುವವರಿಗೆ ಅತ್ತೆಯ ಹತ್ತಿರ ಬೇರೆ ಉತ್ತರ ಇದೆ. ಹೋದ ಮೇ ತಿಂಗಳಲ್ಲಿ ಬಾಗಿಲಿಗೆ ಬಂದ ಹೆಂಗಸಿನಿಂದ ಒಂದು ಸೇರು ಕವಳಿ ಹಣ್ಣು ಕೊಂಡು, ತಿಂದು, ಬೀಜವನ್ನು ಅಂದೇ ಮಡಿಯಲ್ಲಿ ಹಾಕಿದ್ದರು. ಈಗ ಬೇಲಿ ಗುಂಟ ಆರು ಸಸಿ ಇವೆ. ಮುಳ್ಳು ಆಗಲೇ ಬಂದಿದೆ.