ತೋಟದ ಜೀಪಿಗೆ ಹೊಸ ಬ್ರೇಕ್ ಪೈಪ್ ಹಾಕುವುದು

ಬ್ರೇಕ್ ಪೈಪ್ ತೂತಾಗುವುದು ಹೆಚ್ಚಾಗಿ ಕಣ್ಣಿಗೆ ಬೀಳದ ಜಾಗದಲ್ಲಿ. ಚಾಸಿಗೆ ಪೈಪನ್ನು ಕಚ್ಚಿ ಹಿಡಿದ ಕ್ಲಿಪ್ಪಿನ ಸಂದಿಯಲ್ಲಿ ಮಳೆಗಾಲವಿಡೀ ಕೆಸರು ಕೂತಿರುತ್ತದೆ, ಆರುವುದೇ ಇಲ್ಲ. ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ದಾರಿಯಲ್ಲಿ ಓಡುವ ಗಾಡಿಯಾದರೆ ಮಳೆ ಬಿಟ್ಟ ಕೂಡಲೇ ಒಂದೊಂದು ಕ್ಲಿಪ್ಪನ್ನೂ ಬಿಚ್ಚಿ, ವೈರ್ ಬ್ರಶ್ಶಿನಿಂದ ಉಜ್ಜಿ ನೋಡಿ. ಬರೀ ಕೆಂಪಾಗಿದ್ದರೆ ಸದ್ಯಕ್ಕೆ ನಡೆಯುತ್ತದೆ. ಹಕ್ಕಳೆ ಎದ್ದು ಗುಳಿ ಬಿದ್ದಿದ್ದರೆ ಇಡೀ ಪೈಪ್ ಬದಲಿಸಿ. ತೂತಾದಷ್ಟನ್ನೇ ಕತ್ತರಿಸಿ ಜಾಯಿಂಟ್ ಕೊಡುವುದಾಗಲಿ, ಫ್ರಿಜ್ಜಿನ ತಾಮ್ರದ ಪೈಪ್ ಹಾಕುವುದಾಗಲಿ ಬೇಡವೇ ಬೇಡ.

ಸಾಮಾನ್ಯವಾಗಿ ಬೇಕಾಗುವುದು 4.75 ಮಿ.ಮೀ., ಅಂದರೆ 3/16 ಇಂಚಿನ ಸ್ಟೀಲ್ ಅಥವಾ ಕುಪ್ರೋನಿಕಲ್ (ತಾಮ್ರ-ನಿಕಲ್ ಮಿಶ್ರಲೋಹದ) ಪೈಪ್. ಎರಡನೆಯದಕ್ಕೆ ತುಕ್ಕಿನ ಕಾಟವಿಲ್ಲ, ಕೈಯಲ್ಲೇ ಬಗ್ಗುತ್ತದೆ. ನಮ್ಮ ಕಡೆಯ ಮಳೆಗೆ ಅದೇ ಸರಿ. ಹಳೇ ನಟ್ ಮತ್ತು ಪೈಪಿನ ತುದಿ ಎರಡನ್ನೂ ಅಂಗಡಿಗೆ ಒಯ್ಯಿರಿ. ಹಳೇ ಗಾಡಿಯ 3/8 ಇಂಚಿನ ನಟ್ಟೂ ಹೊಸ ಗಾಡಿಯ 10 ಮಿ.ಮೀ. ನಟ್ಟೂ ನೋಡಲು ಒಂದೇ ಥರ. ಅದಲುಬದಲಾದರೆ ಒಂದೆರಡು ಸುತ್ತು ಕೂತ ಹಾಗೆ ಮಾಡಿ ಥ್ರೆಡ್ ತಿಂದುಹಾಕುತ್ತವೆ.

ಗಾಡಿಯನ್ನು ಬರೀ ಜಾಕಿನ ಮೇಲೆ ಬಿಟ್ಟು ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಕೊಡಿ. ನಟ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಓಪನ್ ಸ್ಪ್ಯಾನರ್ ಹಾಕಿದರೆ ನಟ್ಟಿನ ಮೂಲೆ ಸವೆಯುತ್ತದೆ. ಒಂದು ಬದಿ ಸೀಳಿರುವ ಫ್ಲೇರ್ ನಟ್ ಸ್ಪ್ಯಾನರ್ರೇ ಬೇಕು. ರಬ್ಬರ್ ಹೋಸ್ ಸೇರುವಲ್ಲಿ ಹೋಸಿನ ಕಡೆಗೂ ಇನ್ನೊಂದು ಸ್ಪ್ಯಾನರ್ ಕೊಟ್ಟು ಹಿಡಿಯಿರಿ, ಇಲ್ಲದಿದ್ದರೆ ಹೋಸ್ ತಿರುಚಿಕೊಳ್ಳುತ್ತದೆ.

ಕೆಲಸ ಕೆಡುವುದು ಫ್ಲೇರಿನಲ್ಲಿ, ಅಂದರೆ ಪೈಪಿನ ತುದಿಯನ್ನು ಅಗಲಿಸಿ ಮಡಿಸುವಲ್ಲಿ. ಹ್ಯಾಕ್‌ಸಾ ಬೇಡ, ಪೈಪ್ ಕಟ್ಟರಿನಲ್ಲೇ ಕತ್ತರಿಸಿ, ಒಳಗಿನ ಚೂಪು ಕೆರೆದು, ಚೂರು ಹೊರಗೆ ಹೋಗುವಂತೆ ಗಾಳಿ ಹೊಡೆಯಿರಿ. ಫ್ಲೇರ್ ಮಾಡುವ ಮೊದಲೇ ನಟ್ ತೂರಿಸಿ. ಇದನ್ನು ಮರೆಯದ ಮೆಕ್ಯಾನಿಕ್ ಇಲ್ಲ! ಹಳೇ ತುದಿ ಎರಡು ಮಡಿಕೆಯ ಡಬಲ್ ಫ್ಲೇರ್ ಆಗಿದ್ದರೆ ಡಬಲ್ಲೇ, ಗುಂಡಗಿನ ಬಬಲ್ ಆಗಿದ್ದರೆ ಬಬಲ್ಲೇ ಮಾಡಿ. ಒಂದೇ ಮಡಿಕೆಯ ಫ್ಲೇರ್ ಒತ್ತಡಕ್ಕೆ ಸೀಳುತ್ತದೆ. ನಟ್ಟನ್ನು ಮೊದಲ ಮೂರ್ನಾಲ್ಕು ಸುತ್ತು ಬೆರಳಲ್ಲೇ ತಿರುಗಿಸಿ. ಪೈಪ್ ಸೈಲೆನ್ಸರಿಗೂ ಅಲುಗಾಡುವ ಯಾವ ಭಾಗಕ್ಕೂ ತಾಗಬಾರದು.

ಗಾಡಿಯ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಬ್ರೇಕ್ ಆಯಿಲನ್ನೇ ಹಾಕಿ, ಒಂದು ಲೀಟರ್ ಇಟ್ಟುಕೊಳ್ಳಿ. ಪೈಪಿನೊಳಗಿನ ಏರ್ ತೆಗೆಯುವುದು, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಕಂಪನಿ ಪುಸ್ತಕ ಬೇರೆ ಹೇಳಿದರೆ ಅದರಂತೆ. ಒಬ್ಬರು ಪೆಡಲ್ ಒತ್ತಿ ಹಿಡಿದಿರಬೇಕು, ಇನ್ನೊಬ್ಬರು ಚಕ್ರದ ಬಳಿಯ ಏರ್ ಬಿಡುವ ನಿಪ್ಪಲ್ ತೆರೆದು ಮುಚ್ಚಿದ ಮೇಲಷ್ಟೇ ಕಾಲು ಬಿಡಬೇಕು. ನಡುವೆ ಡಬ್ಬಿ ಖಾಲಿಯಾದರೆ ಮತ್ತೆ ಮೊದಲಿಂದ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕೆಲವು ಗಾಡಿಗಳಿಗೆ ಕಂಪ್ಯೂಟರ್ ಸ್ಕ್ಯಾನರ್ ಇಲ್ಲದೆ ಪೂರ್ತಿ ಏರ್ ಹೋಗುವುದಿಲ್ಲ.

ಪೆಡಲ್ ಸ್ಪಂಜಿನಂತಿದ್ದರೆ ಇನ್ನೂ ಏರ್ ಇದೆ. ಎರಡು ಸಲ ಪಂಪ್ ಮಾಡಿದಾಗ ಮೇಲೆ ಬಂದು ಗಟ್ಟಿಯಾದರೆ ಡ್ರಮ್ಮಿನ ಲೈನರ್ ಅಡ್ಜಸ್ಟ್ ಮಾಡಿ ನೋಡಿ. ಒತ್ತಿ ಹಿಡಿದಂತೆಯೇ ನಿಧಾನಕ್ಕೆ ಇಳಿದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗಿದೆ. ಇಂಜಿನ್ ಚಾಲೂ ಇಟ್ಟು ಒಂದು ನಿಮಿಷ ಬಲವಾಗಿ ಒತ್ತಿಸಿ, ಪ್ರತಿ ಜಾಯಿಂಟನ್ನೂ ಕಾಗದದಿಂದ ಒರೆಸಿ ನೋಡಿ. ಮೊದಲ ಓಟ ಸಮತಟ್ಟಾದ ಜಾಗದಲ್ಲಿ, ಚಾರ್ಮಾಡಿ ಘಾಟಿಯಲ್ಲಲ್ಲ.

ಆಯಿಲ್ ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ. ತೆರೆದ ಬಾಟಲಿಯಲ್ಲಿ ಉಳಿದದ್ದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ತೇವ ಹೀರಿದ್ದು 140ಕ್ಕೇ ಕುದಿಯಬಹುದು. ಘಾಟಿ ಇಳಿಯುವಾಗ ಪೆಡಲ್ ಪೊಳ್ಳಾಗುವುದು ಹೀಗೆ. ಉಳಿದ ಆಯಿಲನ್ನು ಮುಂದಿನ ವರ್ಷಕ್ಕೆಂದು ಎತ್ತಿಡಬೇಡಿ.